ಮಗನ ದನಿಯಲ್ಲಿ ಕೂಗುವ ಪ್ರಾಣಿ

ಊರ ಬೇಲಿಯಾಚೆ ಇರುವ ಅನ್ಯಲೋಕದ ಆ ಪ್ರಾಣಿಯು ತಾನು ಕೊನೆಯದಾಗಿ ಕೊಂದವರ ದನಿಯಲ್ಲಿ ಕೂಗುತ್ತದೆ. ಅದನ್ನು ಕೊಲ್ಲಬೇಕಾದರೆ ಹಾಗೆ ಸತ್ತವರ ಮನೆಯವರೇ ಸಹಿ ಹಾಕಬೇಕೆಂಬುದು ನಿಯಮ. ಕಚೇರಿಯ ಬೆಂಚಿನಲ್ಲಿ ನಾನು ಹೆಂಡತಿಯ ಮರಣಪತ್ರಕ್ಕಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ, ಮಗನನ್ನು ಕಳೆದುಕೊಂಡ ತಾಯಿಯೂ ಆಕೆಯ ತಮ್ಮನೂ ಕುಳಿತಿದ್ದರು.

“ಸಹಿ ಹಾಕಿಬಿಡಕ್ಕ. ಅದು ಇನ್ನೊಂದ್ಸಲ ಬೇಲಿ ದಾಟಿದರೆ ಇನ್ನೊಂದು ಮನೆ ಹಾಳಾಗುತ್ತೆ.”

“ನಿನ್ನೆ ಬೇಲಿ ಹತ್ರ ಹೋಗಿದ್ದೆ ಕಣೋ. ‘ಅಮ್ಮಾ, ಟವೆಲ್ ಕೊಡು’ ಅಂತು.”

“ಅದು ಬರೀ ಗಿಳಿಪಾಠ ಅಕ್ಕ. ಅವನಲ್ಲ.”

“ಗೊತ್ತು. ಇದ್ದಾಗ ಕರೆದರೂ ಓಗೊಡದ ಭೂಪ, ಈಗ ಗಂಟೆಗೆ ಹತ್ತು ಸಲ ಅಮ್ಮಾ ಅಂತಾನೆ.”

“ಹಸಿವಿಗೆ ಕೂಗುತ್ತೆ ಅಷ್ಟೇ. ಅದಕ್ಕೇನು ತಿಳಿಯುತ್ತೆ?”

“ಅದು ತಿಳೀದೆ ಕೊಂದಿತು. ನಾವು ತಿಳಿದೂ ಕೊಲ್ಲೋದಾ?”

“ಇದಕ್ಕೆ ಮುಂಚೆ ಸತ್ತವರ ಮನೆಯವರೂ ಹೀಗೇ ಅಂದುಕೊಂಡು ಸಹಿ ಹಾಕಲಿಲ್ಲ. ಹಾಕಿದ್ದಿದ್ರೆ ನಮ್ಮ ಹುಡುಗ ಇರ್ತಿದ್ದ.”

ಆಕೆ ಕೈ ಚಾಚಿದಳು.

“ಪೆನ್ನು ಕೊಡು. ಸುಮ್ಮನಿದ್ದಾಗ ಹೊಡೀಲಿ ಅಂತ ಬರೆಸು. ಕೂಗ್ತಿರುವಾಗ ಬೇಡ.”

ಇಬ್ಬರೂ ಎದ್ದು ಕಿಟಕಿಯತ್ತ ನಡೆದರು.

ಹೋದ ತಿಂಗಳು ಅದು, “ರೀ, ಬಾಗಿಲು ತೆಗೀರಿ” ಎಂದು ಕೂಗುತ್ತಿತ್ತು. ಸಹಿ ಹಾಕದೆ ಇದೇ ಬೆಂಚಿನಿಂದ ಎದ್ದುಹೋದವನು ನಾನು.