ಪಂಪು ನಿಲ್ಲಿಸಿದ ಸೊಸೆ

ಬಸ್ ನಿಲ್ದಾಣದ ಬೆಂಚಿನ ಮೇಲೆ ಅತ್ತೆ, ಸೊಸೆ, ನಡುವೆ ಸೂಟ್‌ಕೇಸು. ಮನೆ ಜಗಳವೇ ಇರಬೇಕೆಂದು ಪಕ್ಕದಲ್ಲಿದ್ದ ಟೈಲರಮ್ಮನ ಕಿವಿ ನೆಟ್ಟಗಾಯಿತು.

"ಮಗಳ ಊರಿಗೆ ಹೋಗ್ತೀನಿ ಕಣೆ. ಅಲ್ಲಿ ನೆಲವಾದ್ರೂ ಸುಮ್ನಿರುತ್ತೆ."

"ನಡುಗಿದ್ದು ಒಂದೇ ಗಳಿಗೆ, ಅತ್ತೆ."

"ತಲೆತುಂಬ ಸೋಪು ಹಚ್ಕೊಂಡು ಬೀದಿಗೆ ಓಡಿದವಳು ನಾನು, ನೀನಲ್ಲ!"

ಸೊಸೆ ನಗು ನುಂಗಿಕೊಂಡಳು. "ಆಳದಲ್ಲಿ ಬಂಡೆ ಕೆಂಡದ ಹಾಗೆ ಕಾದಿದೆ. ನಮ್ಮ ಸ್ಥಾವರದಲ್ಲಿ ಪಂಪಿನಿಂದ ನೀರು ಒತ್ತಿ ಅದ್ರಲ್ಲಿ ಬಿರುಕು ಬಿಡಿಸ್ತೀವಿ. ಆ ನೀರು ಕುದ್ದು ಹಬೆಯಾಗಿ ಮೇಲೆ ಬಂದ್ರೆ ಊರಿಗೆಲ್ಲ ಕರೆಂಟು. ಹೊಗೆಯಿಲ್ಲ, ಮಸಿಯಿಲ್ಲ. ಒತ್ತೋವಾಗ ನೆಲ ಅಲುಗೋದುಂಟು, ಸುಳ್ಳು ಯಾಕೆ ಹೇಳ್ಲಿ?"

"ಜೋರಾಗಿ ಅಲುಗಿದ್ರೆ?"

"ಅದಕ್ಕೇ ಅಲುಗಾಟಕ್ಕೆ ಒಂದು ಮಿತಿ ಇಟ್ಟಿದೀವಿ. ಅದನ್ನ ಮುಟ್ಟಿದ ತಕ್ಷಣ ಪಂಪು ನಿಲ್ಲಿಸಬೇಕು. ನಿನ್ನೆ ನಿಲ್ಲಿಸಿದ್ದಾಯ್ತು."

"ಯಾರು ನಿಲ್ಲಿಸಿದ್ದು?"

"ನಾನೇ. ದೊಡ್ಡ ಸಾಹೇಬ್ರು ಇನ್ನೊಂದು ಚೂರು ನೋಡೋಣ ಅಂದ್ರು. ನಾನು ಕೇಳಲಿಲ್ಲ."

ಅತ್ತೆ ಸೊಸೆಯನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

"ಹಾಲು ಉಕ್ಕಿ ಹರಿದ್ರೂ ಒಲೆ ಆರಿಸದವಳು ನೀನು!"

"ಹಾಲಿನ ಪಕ್ಕ ನೀವಿರ್ತೀರಲ್ಲ, ಆ ಧೈರ್ಯ."

ಟೈಲರಮ್ಮ ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

"ಸಾಹೇಬ್ರು ಬೈದ್ರಾ?"

"ಇವತ್ತು ಕರೆಸಿದಾರೆ. ಏನಂತಾರೋ ಗೊತ್ತಿಲ್ಲ."

ಬಸ್ಸು ತಿರುವಿನಲ್ಲಿ ಕಾಣಿಸಿತು. ತಾನೂ ಹತ್ತಬೇಕಿದ್ದ ಬಸ್ಸೇ ಆದರೂ ಅದು ಇನ್ನಷ್ಟು ತಡವಾಗಿ ಬರಬಾರದಿತ್ತೇ ಅನ್ನಿಸಿತು ಟೈಲರಮ್ಮನಿಗೆ. ಅತ್ತೆ ಎದ್ದು ನಿಂತಳು. ಸೂಟ್‌ಕೇಸನ್ನು ಸೊಸೆಯ ಕೈಗೆ ತುರುಕಿದಳು.

"ಹಿಡ್ಕೋ. ನಡಿ, ನಾನೂ ಬರ್ತೀನಿ. ನಮ್ಮನೆ ಹುಡುಗಿಗೆ ಬೈಯೋ ಸಾಹೇಬ ಯಾರು ಅಂತ ನಾನೂ ನೋಡ್ಬೇಕು."

"ಅಯ್ಯೋ ಅತ್ತೆ, ಬೇಡ!"

"ಬಾಯ್ಮುಚ್ಚು, ನಡಿ."

ಇಬ್ಬರೂ ಕಿತ್ತಾಡುತ್ತಲೇ ಕೈಹಿಡಿದು ರಸ್ತೆ ದಾಟಿದರು.