ಇಬ್ಬರು ಹೆಂಗಸರ ಒಂದು ಕೊಯ್ತಾ

“ಹಲೋ… ಯಾರ್ರಿ ಮಾತಾಡೋದು? ಬಿಜಾಪುರ ಆಫೀಸ ಹೌದಿಲ್ರಿ? ವಿಜಯಲಕ್ಷ್ಮಿ ಅಕ್ಕಾರ ಅದಾರೇನ್ರಿ? … ಹಾಂ, ನೀವ ಏನ್ರಿ. ನಾ ಜಮಲಾಬಾಯಿರಿ, ಗೊಳಸಂಗಿ ತಾಂಡಾದಾಕಿ.”

ಮಶಾಕಸಾಬನ ಎಸ್‌ಟಿಡಿ ಬೂತಿನ ಎದುರು ಸಾಂಗಲಿ ಕಡೆ ಕಬ್ಬು ಕಡಿಯಲು ಹೊರಟ ಲಾರಿ ನಿಂತಿತ್ತು. ಗಡಿಗೆ, ಹಾಸಿಗೆ, ಕೋಳಿ ಏರಿಸಿಯಾಗಿ ಈಗ ಮುಂಗಡ ಕೊಟ್ಟು ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಜನರನ್ನು ಹತ್ತಿಸುತ್ತಿದ್ದ. ತಾಂಡಾದ ಹೆಂಗಸರ ಮೇಲೆ ಮನೆಯೊಳಗೆ ಬೀಳುವ ಪೆಟ್ಟು ನಿಲ್ಲಿಸಲೆಂದು ಬಂದ ಅನುದಾನದಲ್ಲಿ ಜಮಲಾಬಾಯಿಗೊಂದು ಸಂಬಳ, ಹೆಂಗಸರ ಸಂಘಕ್ಕೊಂದು ಕೋಣೆ ಇದ್ದವು. ಆ ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಸಮಿತಿ ಬರುವುದಾಗಿ ತಿಳಿಸಿದ ಕಾಗದ ಅವಳ ಕೈಯಲ್ಲಿತ್ತು.

“ಕಾಗದ ಮುಟ್ಟೇತ್ರಿ. ಜನವರಿಯಾಗ ಬರ್ತಾರಂತ. … ಬರಲಿ, ಬ್ಯಾಡ ಅನ್ನಾಕತ್ತಿಲ್ರಿ. ತಾಂಡಾದಾಗ ಮಂದಿ ಇರಂಗಿಲ್ಲ. ಯುಗಾದಿ ತನಕ ಎಲ್ಲಾರೂ ಕಬ್ಬಿಗೆ. … ಮುದುಕರು ಅದಾರ್ರಿ, ಮೂರು ಮಂದಿ. ಅವರು ಹೊಡಿಯಂಗಿಲ್ಲ. ಅವರಿಗೆ ಏಳಾಕ ಆಗಂಗಿಲ್ಲ.”

…

“ಹೊಡೆತ ಪೂರಾ ನಿಂತೈತಿ ಅಂತ ಬರಕೊಂಡು ಹೋಗಬಹುದು. … ಇಲ್ರಿ ಅಕ್ಕಾರ, ಚಾಷ್ಟಿ ಅಲ್ಲ.”

…

“ಸೋಮ್ಲಿ ನೆನಪದಾಳೇನ್ರಿ? … ಹಾಂ, ಆಕಿನ. ಹೋದ ವರ್ಷ ಗಂಡ ಕಬ್ಬಿನ ಹೊಲದಾಗ ಆಕಿ ಕೈ ಮುರದಿದ್ದಾ. … ಕೂಡೇತ್ರಿ. ಸೊಟ್ಟ ಕೂಡೇತಿ. ಎಂಟು ದಿನಾತು, ಹೊಡೆತಕ್ಕ ಅಂಜಿ ಸಂಘದ ಕೋಣ್ಯಾಗ ಅದಾಳ. ಇಲ್ಲಿ ತಾಂಡಾದಾಗಾದ್ರ ಆಕಿ ಚೀರಿದ್ರ ಹತ್ತು ಮಂದಿ ತಾಟು ಬಡಕೋಂತ ಬಾಗಿಲದಾಗ ಹೋಗಿ ನಿಂದರ್ತೇವಿ. ಅಲ್ಲಿ ಕಬ್ಬಿನಾಗ ಯಾರು ಬರ್ತಾರ?”

…

“ಕಳಿಸಬ್ಯಾಡ ಅಂದ್ರ ಹೆಂಗ್ರಿ? ಗಂಡ ಮುಕಾದಮನ ಕಡೆ ಮುಂಗಡ ತಗೊಂಡು ಕುಂತಾನ. … ಅವನೊಬ್ಬನ ಮ್ಯಾಲ ಅಲ್ರಿ. ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ಕೊಯ್ತಾ. ಮುಕಾದಮ ಹಂಗ ಎಣಿಸೂದು. ಅರ್ಧ ಕೊಯ್ತಾ ಲಾರಿ ಹತ್ತಂಗಿಲ್ಲ. ಆಕಿ ಉಳದ್ರ ಮುಕಾದಮನ ಮಂದಿ ಮುಂಗಡಕ್ಕಂತ ಆಕಿ ಅಪ್ಪನ ಮನಿ ಆಡು ಹೊಡಕೊಂಡು ಹೋಗ್ತಾರ.”

ಮಶಾಕಸಾಬ ಪೇಪರಿನ ಪುಟ ತಿರುವಿದ. ಬೆಳಿಗ್ಗೆಯೇ ಅದನ್ನು ಓದಿ ಮುಗಿಸಿದ್ದ.

“ಅದಕ ಕೇಳೂದು. ನಾನೂ ಹೋಗ್ಲೇನ್ರಿ? … ಇದ ಲಾರ್ಯಾಗ. … ಮಹಾರಾಷ್ಟ್ರ ನಮ್ಮ ಯೋಜನಾದಾಗ ಬರಂಗಿಲ್ಲ, ಗೊತ್ತೈತಿ. ಹೊಡಿಯಾವ ಅಲ್ಲಿಗೂ ಬರ್ತಾನಲ್ರಿ.”

…

“ಆಕಿ ಗಂಡನ ಜೋಡಿ ಅಲ್ರಿ. ನಾನೂ ಸೋಮ್ಲಿ ಕೂಡಿ ಒಂದು ಕೊಯ್ತಾ. ಆಕಿ ಗಂಡ ತನ್ನ ತಮ್ಮನ ಜೋಡಿ ಇನ್ನೊಂದು. ಗುಡಸಲಾನೂ ಬ್ಯಾರೆ. … ಮುಕಾದಮ ಏನಂತಾನ? ನಾಲ್ಕು ಕೈ ಎಣಿಸಿದಾ, ಹತ್ರಿ ಅಂದಾ. … ಕಬ್ಬು ಕಡಿಯಾಕ ಬರ್ತೈತ್ರಿ, ಯಾಕ ಬರಂಗಿಲ್ಲ? ನನ್ನ ಗಂಡ ಇರೂತನಕ ಹನ್ನೆರಡು ವರ್ಷ ಕಡದೇನಿ.”

ಆ ಕಡೆಯ ಮಾತು ಉದ್ದವಾಯಿತು. ಜಮಲಾಬಾಯಿ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಲಾರಿಯ ಮೇಲೆ ಸೋಮ್ಲಿಯ ಗಂಡ ಕಾಲು ಚಾಚಿ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದ. ಸೋಮ್ಲಿ ಇನ್ನೂ ಹತ್ತಿರಲಿಲ್ಲ. ಗಂಟು ಕಂಕುಳಲ್ಲಿಟ್ಟುಕೊಂಡು ಬೂತಿನ ಗಾಜನ್ನೇ ನೋಡುತ್ತಿದ್ದಳು.

“ಹಾಂ. … ಹಾಂ. ನಾ ಇಲ್ಲಿ ಇರಲಿಲ್ಲಂದ್ರ ಕೆಲಸ ಬಿಟ್ಟಂಗ. … ಸಮಿತಿ ಬಂದಾಗ ಯಾರೂ ಇಲ್ಲಂದ್ರ ಅನುದಾನಾನೂ ನಿಲ್ತೈತಿ. … ಕೋಣಿಗೆ ಕೀಲಿ. … ತಿಳೀತ್ರಿ. ಹೊಡೆತ ಬಿಡಸಾಕ ಹೋದ್ರ ಹೊಡೆತ ಬಿಡಸೂ ಕೆಲಸ ಹೋಗ್ತೈತಿ. … ಇಲ್ರಿ, ಸಿಟ್ಟೇನಿಲ್ಲ. ತಿಳದೈತೋ ಇಲ್ಲೋ ಅಂತ ಒಮ್ಮಿ ಹೇಳಿ ನೋಡಿಕೊಂಡೆ.”

ಲಾರಿ ಹಾರ್ನು ಹೊಡೆಯಿತು. ಅವಳು ಗಾಜಿನೊಳಗಿಂದಲೇ ಸೋಮ್ಲಿಗೆ ಹತ್ತು ಎಂದು ಕೈಮಾಡಿದಳು.

“ಅಕ್ಕಾರ, ಪಗಾರ ಬಿಡ್ರಿ. ಕೋಣಿ ಮಾತ್ರ ಬಿಡಬ್ಯಾಡ್ರಿ, ಯುಗಾದಿಗೆ ತಿರುಗಿ ಬಂದಾಗ ಬೇಕಾಗ್ತೈತಿ. … ಸಮಿತಿಯವರಿಗೇನು ಹೇಳೂದಾ? ಇದ್ದದ್ದು ಹೇಳ್ರಿ. ಸಂಘ ಕಬ್ಬಿಗೆ ಹೋಗೈತಿ ಅನ್ರಿ.”

…

“ಹಾಂ? … ವಿಳಾಸಾ? ಯಾರಿಗಿ, ಸಮಿತಿಯವರಿಗೇನ್ರಿ? … ಬರಕೊಳ್ರಿ ಮತ್ತ. ಸಾಂಗಲಿ ದಾಟಿ, ಫ್ಯಾಕ್ಟರಿ ಹಿಂದಿನ ಹಾದಿ. ಕಬ್ಬು ಎಲ್ಲಿತನಕ ಕಡದೈತಿ ಅಲ್ಲಿತನಕ ಬರಲಿ. ಅಲ್ಲಿ ಇಬ್ಬರು ಹೆಣ್ಮಕ್ಕಳು… ಹಲೋ? ಬರಕೊಂಡ್ರೇನ್ರಿ? ಅಕ್ಕಾರ? ಹಲೋ…”

ಲೈನು ಹೋಗಿತ್ತು.