ಹೊಳೆಗೆ ಬಿಟ್ಟ ಮೇಣದ ತುಂಡು

“ದನಕ್ಕಿರೋವಷ್ಟು ಬುದ್ಧಿನೂ ಇಲ್ವಲ್ಲಣ್ಣ ನಿಂಗೆ!”

ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡುವಂತೆ ಮುನಿಕೃಷ್ಣ ರೇಗಿದ. ಅವನಣ್ಣ ಅಂಕಯ್ಯನ ಮುಖ ಹುಳ್ಳಗಾಯಿತು.

“ರೋಗದ ತುಂಡು ಮನೇಲಿ ಮಡಗ್ಬಾರ್ದು ಅಂತ ಹೊಳೆಗೆ ಬುಟ್ಟೆ ಕಣ್ಲಾ.”

“ಲ್ಯಾಬ್‌ನೋರು ಕೊಟ್ಟ ಆ ಮೇಣದೊಳ್ಗೆ ನನ್ ಗೆಡ್ಡೆ ಚೂರಿತ್ತು. ಮಾರ್ಕರ್ ಟೆಸ್ಟ್ ಮಾಡಿ, ಅದೆಂಥಾ ಕ್ಯಾನ್ಸರು ಅಂತ ನೋಡೋರು. ಸಾಧು ಆದ್ರೆ ಬರೀ ಔಷ್ದಿ, ಕೆಟ್ಟದ್ದಾದ್ರೆ ಉಚ್ಚೆ ಚೀಲನೇ ತೆಗೀತಾರೆ.”

“ಇನ್ನೊಂದ್ ಚೂರು ಕೊಡು.”

“ಗೆಡ್ಡೆ ಪೂರ್ತಿ ಕೆರೆದಾಕವ್ರೆ. ಎಲ್ಲಿಂದ ತರ್ಲಿ?”

“ಟೆಸ್ಟ್ ಇಲ್ದೇ ಹೋದ್ರೆ?”

“ಚೀಲ ತೆಗ್ಸೋದೇ ಸೇಫು ಅಂತಾರೆ. ಸಾಯೋಗಂಟ ಹೊಟ್ಟೆಗೆ ಉಚ್ಚೆ ಬ್ಯಾಗ್ ಕಟ್ಕೊಂಡು ತಿರುಗ್ಬೇಕು.”

ಬೆಂಗಳೂರು ಬಸ್ಸು ಬಂತು. ಅಂಕಯ್ಯ ತಮ್ಮನ ತೋಳು ಹಿಡಿದ.

“ನಿಂಗೆ ವಾಸಿಯಾಗ್ಲಿ ಅಂತ ಕೈ ಮುಗ್ದೇ ಬುಟ್ಟಿದ್ದು ಕಣ್ಲಾ.”

ಮುನಿಕೃಷ್ಣ ತೋಳು ಬಿಡಿಸಿಕೊಂಡು ಬಸ್ಸಿನತ್ತ ನಡೆದ.